ಆರು ಕೆಂಪು ಸ್ಟಿಕರ್

ನನಗೂ ನಮ್ಮಣ್ಣನ ಹೆಂಡತಿಗೂ ಎಣ್ಣೆ ಸೀಗೆಕಾಯಿ. ಎದುರಿಗೆ ‘ಅತ್ತಿಗೆ, ನೀವು’ ಅನ್ನುತ್ತೇನೆ, ಮರ್ಯಾದೆ ಅಷ್ಟಕ್ಕೇ ಮುಗಿಯಿತು. ಒಂದೇ ಸಂಗೀತ ಶಾಲೆಯಲ್ಲಿ ಇಬ್ಬರೂ ಮಕ್ಕಳಿಗೆ ಪಿಯಾನೊ ಕಲಿಸುತ್ತೇವೆ. ಬೆಳಗಿನ ಗುಂಪು ನನ್ನದು, ಸಂಜೆಯದು ಅವಳದು. ಬರುವ ವರ್ಷದಿಂದ ಒಂದೇ ಗುಂಪು, ಒಂದೇ ಪುಸ್ತಕ, ಒಬ್ಬಳೇ ಟೀಚರ್ ಎಂದು ಹೆಡ್ ಮೇಡಂ ಹೇಳಿಬಿಟ್ಟರು. ಯಾರ ಪುಸ್ತಕ ಆಯ್ಕೆಯಾಗುತ್ತದೋ ತರಗತಿ ಅವರಿಗೆ. ಇನ್ನೊಬ್ಬಳು ಆಫೀಸಿನಲ್ಲಿ ಕೂತು ಅರ್ಜಿ ತುಂಬಿಸಿಕೊಳ್ಳಬೇಕು. ಹನ್ನೆರಡು ವರ್ಷ ಕಲಿಸಿದವಳು ನಾನು. ಅರ್ಜಿ ತುಂಬಿಸುವುದಕ್ಕೆ ಹುಟ್ಟಿದವಳಲ್ಲ.

ನನ್ನ ಪುಸ್ತಕ ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ಐದು ಗೆರೆ, ಅದರ ಮೇಲೆ ಸ್ವರ, ಇನ್ನೇನಿಲ್ಲ. ಓದಲು ಬಂದರೆ ಮಾತ್ರ ನುಡಿಸಲು ಬರುತ್ತದೆ. ಅತ್ತಿಗೆಯ ಪುಸ್ತಕದಲ್ಲಿ ಪುಟಕ್ಕೊಂದು ಕರಡಿ, ಪ್ರತಿ ಸ್ವರದ ತಲೆಯ ಮೇಲೂ ಬೆರಳಿನ ನಂಬರು. ಹೆಬ್ಬೆರಳು ಒಂದು, ಕಿರುಬೆರಳು ಐದು. ಹೆಬ್ಬೆರಳು ಎಲ್ಲಿಡಬೇಕು ಅನ್ನುವುದಕ್ಕೂ ಕೀ ಮೇಲೊಂದು ಕೆಂಪು ಸ್ಟಿಕರ್. ಮಕ್ಕಳು ಸ್ವರದ ಕಡೆ ತಿರುಗಿಯೂ ನೋಡುವುದಿಲ್ಲ, ನಂಬರು ನೋಡಿ ಒತ್ತುತ್ತವೆ. ಇದಕ್ಕೆ ಕಲಿಸುವುದು ಅನ್ನುತ್ತಾರೆಯೇ?

ಆಯ್ಕೆಯ ದಿನ ಎರಡೂ ಗುಂಪಿನ ಮಕ್ಕಳು ಹೆಡ್ ಮೇಡಂ ಎದುರು ನುಡಿಸಬೇಕಿತ್ತು. ನಾನು ಅರ್ಧ ಗಂಟೆ ಮೊದಲೇ ಹೋಗಿ, ಆರು ಕೀಬೋರ್ಡುಗಳ ಸ್ಟಿಕರ್ ಕಿತ್ತು, ಒಂದೊಂದು ಕೀ ಬಲಕ್ಕೆ ಅಂಟಿಸಿದೆ. ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಹೆಡ್ ಮೇಡಂ ಬಂದು ಕೂತರು. ಅತ್ತಿಗೆಯ ಗುಂಪಿನ ಆರು ಮಕ್ಕಳು ಸ್ಟಿಕರ್ ಮೇಲೆ ಹೆಬ್ಬೆರಳಿಟ್ಟು, ಯಾರೂ ಕೇಳಿರದ ರಾಗವೊಂದನ್ನು ತಲೆಯಾಡಿಸುತ್ತಾ ಕೊನೆಯವರೆಗೂ ಬಾರಿಸಿದವು. ಒಂದಕ್ಕಾದರೂ ಅನುಮಾನ ಬರಬೇಡವೇ! ನನಗೆ ಹಾಲು ಕುಡಿದಷ್ಟು ಸಂತೋಷ.

“ಇದ್ಯಾವ ಹಾಡು?” ಎಂದರು ಹೆಡ್ ಮೇಡಂ.

ಅತ್ತಿಗೆ ಕೀಬೋರ್ಡಿನ ಮೇಲೆ ಬಗ್ಗಿ ನೋಡಿದಳು. “ಸ್ಟಿಕರ್ ಸರಿಸಿದ್ದು ನೀನೇ ತಾನೆ?”

“ಹೌದು, ನಾನೇ. ಓದೋಕೆ ಬರೋ ಮಕ್ಕಳಿಗೆ ಸ್ಟಿಕರ್ ಎಲ್ಲಿದ್ರೇನು ಅತ್ತಿಗೆ? ನೀವು ಕಲಿಸಿರೋದು ಪಿಯಾನೊ ಅಲ್ಲ, ಲಿಫ್ಟ್ ಬಟನ್ ಒತ್ತೋದು.”

“ನಿನ್ನ ಹೊಟ್ಟೆಕಿಚ್ಚಿಗೆ ಮಕ್ಕಳನ್ನ ಎಳೀತೀಯಲ್ಲ, ಥೂ!”

“ಸಾಕು,” ಹೆಡ್ ಮೇಡಂ ಕೈಯೆತ್ತಿದರು. “ಮಾಡಿದ್ದು ತಪ್ಪು. ಆದ್ರೆ ಹೇಳಿದ್ದು ನಿಜ.” ನನ್ನ ಪುಸ್ತಕ ಕೈಗೆತ್ತಿಕೊಂಡರು. ಗೆದ್ದೆ ಅಂದುಕೊಂಡೆ.

“ಅವಳ ಮಕ್ಕಳದ್ದೂ ಕೇಳಿ ಮೇಡಂ,” ಎಂದಳು ಅತ್ತಿಗೆ. “ಒಬ್ಬೊಬ್ಬರೇ ಅಲ್ಲ, ಆರೂ ಜನ ಒಟ್ಟಿಗೆ.”

ನನ್ನ ಗುಂಪಿನ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತರು. ಸ್ಟಿಕರಿಗೆ ಕ್ಯಾರೇ ಅನ್ನಲಿಲ್ಲ. ಎರಡು ಸಾಲು ಅಪ್ಪಟ ಚಿನ್ನ. ಮೂರನೆಯ ಸಾಲಿನಲ್ಲಿ ಗುಬ್ಬಿ ಒಂದು ಸ್ವರ ತಪ್ಪಿದಳು. ಏಳು ವರ್ಷದವಳು, ಗುಂಪಿನಲ್ಲೇ ಚಿಕ್ಕವಳು. ಥಟ್ಟನೆ ಉಳಿದ ಐದೂ ಜನ ನಿಲ್ಲಿಸಿದರು. ಐದೂ ಜನ ಹುಬ್ಬು ಗಂಟಿಕ್ಕಿ, ಕತ್ತು ಓರೆ ಮಾಡಿ ಅವಳನ್ನು ದುರುಗುಟ್ಟಿ ನೋಡಿದರು.

“ಮೊದಲಿಂದ,” ಎಂದಿತು ಒಂದು ಮಗು, ಹಲ್ಲು ಕಚ್ಚಿ. ಅದು ನನ್ನ ಮಾತು. ಆ ಹುಬ್ಬು, ಆ ಕತ್ತು ಕೂಡ ನನ್ನವೇ.

ಮೊದಲಿಂದ ಶುರುವಾಯಿತು. ಅದೇ ಜಾಗದಲ್ಲಿ ಅವಳು ಮತ್ತೆ ತಪ್ಪಿದಳು, ಅವರು ಮತ್ತೆ ನೋಡಿದರು. ಮೂರನೆಯ ಸಲ ಆ ಜಾಗ ಬರುವ ಮುಂಚೆಯೇ ಗುಬ್ಬಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡಳು.

ಹೆಡ್ ಮೇಡಂ ನನ್ನ ಪುಸ್ತಕವನ್ನು ಒಮ್ಮೆ ನೋಡಿ ಅತ್ತಿಗೆಯ ಕೈಗೆ ಕೊಟ್ಟರು. “ಪುಸ್ತಕ ಇದೇ ಇರಲಿ. ಕಲಿಸೋದು ನೀವು.”

“ಪುಸ್ತಕ ನಂದು ಮೇಡಂ!” ಎಂದೆ.

ಅತ್ತಿಗೆ ಗುಬ್ಬಿಯ ಪಕ್ಕ ಹೋಗಿ ಕೂತಳು. “ತಪ್ಪಿದ್ರೆ ತಪ್ಪಲಿ ಪುಟ್ಟ. ನಿಲ್ಲಿಸಬೇಡ, ಮುಂದಕ್ಕೆ ಹೋಗೋಣ.” ನನಗೆ ಮೈಯೆಲ್ಲ ಉರಿಯಿತು. ಗುಬ್ಬಿ ಕೈ ಹೊರಗೆ ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಯಾವಾಗ ಹೋಗುತ್ತೇನೋ ಎಂದು.

ಹೊರಗೆ ಬಂದು ಬಾಗಿಲು ಹಾಕಿದೆ. ಆಮೇಲೆ ಒಳಗೆ ಹಾಡು ಶುರುವಾಯಿತು. ಮೂರನೆಯ ಸಾಲಿನಲ್ಲಿ ಅದೇ ತಪ್ಪು ಕೇಳಿಸಿತು. ಆದರೂ ಹಾಡು ಕೊನೆಯವರೆಗೂ ಹೋಯಿತು.