ಒಂದು ಗೊಂಬೆ ಹೆಚ್ಚು

ರಜೆ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಮಕ್ಕಳಿಬ್ಬರೂ ಸೇರಿ ಮನೆಯನ್ನು ರಣರಂಗ ಮಾಡಿಟ್ಟಿದ್ದರು. ದೊಡ್ಡವನು ಚೆಂಡು ಎಸೆದು ಗೋಡೆ ಗಡಿಯಾರದ ಗಾಜು ಪುಡಿಪುಡಿ ಮಾಡಿದ. ಚಿಕ್ಕವಳು ದುಂಡಗಿದ್ದಳು, ಒಂದು ಕಡೆ ನಿಲ್ಲದೆ ಉರುಳುತ್ತಿದ್ದಳು, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಬಟಾಣಿ. ಅವಳು ಅಜ್ಜನ ಕನ್ನಡಕಕ್ಕೆ ಉಗುರುಬಣ್ಣ ಬಳಿದಿದ್ದಳು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಇನ್ನು ಸುಮ್ಮನಿದ್ದರೆ ಇವರು ಮನೆಯನ್ನೇ ಕೆತ್ತಿಬಿಡುತ್ತಾರೆ ಅಂದುಕೊಂಡು ಅವರ ತಾಯಿ ಕತ್ತರಿ ಕೈಗೆತ್ತಿಕೊಂಡಳು.

ತಾಯಿಯನ್ನು ಬೀದಿಯವರೆಲ್ಲ ಟೇಲರಮ್ಮ ಅನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಅವಳ ಹೊಲಿಗೆ ಮೆಷಿನ್. ಶಾಲೆ ತೆರೆಯುವ ಹೊತ್ತಿಗೆ ಯೂನಿಫಾರ್ಮಿನ ರಾಶಿ ತಲೆ ಮಟ್ಟಕ್ಕೆ ಬರುತ್ತಿತ್ತು, ರಜೆಯ ಮೊದಲ ದಿನಗಳಲ್ಲಿ ಮಾತ್ರ ಸ್ವಲ್ಪ ಉಸಿರಾಡಲು ಬಿಡುವು. ಮೆಷಿನ್ ಮುಂದೆ ಎರಡು ಸ್ಟೂಲು. ಒಂದರ ಮೇಲೆ ಅವಳು ಕೂರುತ್ತಿದ್ದಳು, ಇನ್ನೊಂದು ಖಾಲಿ. ಆ ಖಾಲಿ ಸ್ಟೂಲಿನ ಒಂದು ಕಾಲು ಗಿಡ್ಡ. ಅದರ ಮೇಲೆ ಯಾರಾದರೂ ಕೂರಲು ಹೋದರೆ, ಬ್ಯಾಗು ಇಡಲು ಹೋದರೆ, ಬಲ್ಬು ಬದಲಾಯಿಸಲು ಎಳೆದುಕೊಂಡರೆ ಸಾಕು, ಮೆಷಿನ್ ನಿಲ್ಲಿಸಿ ಅವಳು ಒಂದೇ ಮಾತು ಹೇಳುತ್ತಿದ್ದಳು. "ಆ ಸ್ಟೂಲ್ ಮುಟ್ಟಬೇಡಿ. ಅಲ್ಲೇ ಇರಲಿ."

ಯಾಕೆ ಅಂತ ಮಕ್ಕಳಿಗೆ ಗೊತ್ತಿರಲಿಲ್ಲ. ದೊಡ್ಡವರಿಗೆ ಗೊತ್ತಿತ್ತು, ಆದರೆ ಆ ಮಾತು ಆ ಮನೆಯಲ್ಲಿ ಆಡುವಂತಿರಲಿಲ್ಲ.

ಆ ಸ್ಟೂಲು ಅವಳ ನಾದಿನಿಯದು. ಗಂಡನ ತಂಗಿ. ಟೇಲರಮ್ಮ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಅವಳಿಗೆ ಸಿಕ್ಕ ಮೊದಲ ಗೆಳತಿ. ಇವಳು ಮೆಷಿನ್ ತುಳಿದರೆ ಅವಳು ಪಕ್ಕದಲ್ಲಿ ಕೂತು ಕಾಜಾ ಹೊಲಿಯುವ, ಗುಂಡಿ ಹಾಕುವ, ಅಂಚು ಮಡಿಸುವ ಕೆಲಸ ಮಾಡುತ್ತಿದ್ದಳು. ಇಬ್ಬರ ನಗು ಮೆಷಿನ್ನಿನ ಸದ್ದನ್ನೂ ಮೀರಿ ಬೀದಿಗೆ ಕೇಳುತ್ತಿತ್ತು. ಆಮೇಲೆ ನಾದಿನಿ, ಮೆಷಿನ್ ರಿಪೇರಿಗೆ ಬರುತ್ತಿದ್ದ ಹುಡುಗನನ್ನು ಮೆಚ್ಚಿ, ಮನೆಯಲ್ಲಿ ಒಪ್ಪದೆ, ಒಂದು ಬೆಳಿಗ್ಗೆ ಅವನ ಜೊತೆ ಹೊರಟುಹೋದಳು. ಮಾವ ಕಿಡಿಕಿಡಿಯಾದರು. "ಅವಳ ಹೊಸ್ತಿಲು ತುಳಿದವರು ಈ ಹೊಸ್ತಿಲು ತುಳಿಯೋ ಹಾಗಿಲ್ಲ" ಅಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಮೆಷಿನ್ ಕೆಡದೇ ಇದ್ದರೂ ಅವನನ್ನ ಕರೆಸಿದವಳು ನೀನು" ಅಂದರು.

ಅದು ನಿಜವೇ ಆಗಿತ್ತು. ಚೆನ್ನಾಗಿದ್ದ ಮೆಷಿನ್ನಿನ ಬೆಲ್ಟನ್ನು ಅವಳು ಎಷ್ಟು ಸಲ ಬೇಕಂತಲೇ ಸಡಿಲ ಮಾಡಿದ್ದಳೋ ದೇವರಿಗೇ ಗೊತ್ತು. ಆ ತಪ್ಪಿಗೆ ಪ್ರಾಯಶ್ಚಿತ್ತ ಅನ್ನುವಂತೆ ಅಂದಿನಿಂದ ಅವಳು ಮಾವನ ಮಾತನ್ನು ಅಕ್ಷರಶಃ ನಡೆಸಿದಳು. ಹೆಸರು ಎತ್ತಲಿಲ್ಲ, ಯಾರನ್ನೂ ಕೇಳಲಿಲ್ಲ, ಹುಡುಕಿಕೊಂಡು ಹೋಗಲಿಲ್ಲ. ಹೊಟ್ಟೆಯೊಳಗೆ ಮಾತ್ರ ಒಂದು ಸೂಜಿ ಮುರಿದು ಉಳಿದುಕೊಂಡಿತ್ತು. ಎಂಟು ವರ್ಷ ಅದನ್ನು ಹಾಗೇ ಇಟ್ಟುಕೊಂಡು ಬಾಳಿದಳು.

ಇರಲಿ, ಗೊಂಬೆಗೆ ಬರೋಣ.

ಟೇಲರಮ್ಮ ಮಕ್ಕಳಿಗೆ ಕೈಗೊಂಬೆ ಹೊಲಿಯುವುದನ್ನು ಕಲಿಸಿದಳು. ಹಳೆಯ ಪೇಪರಿನ ಮೇಲೆ ಅಂಗೈ ಇಟ್ಟು ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ಸುತ್ತ ಗೆರೆ ಎಳೆಯಬೇಕು. ಗೆರೆಯಿಂದ ಒಂದು ಬೆರಳು ಬಿಟ್ಟು ಬಟ್ಟೆ ಕತ್ತರಿಸಬೇಕು. ಎರಡು ಪದರ ಸೇರಿಸಿ ಕೆಳಗಿನ ಕಡೆಯೊಂದನ್ನು ಬಿಟ್ಟು ಉಳಿದ ಮೂರೂ ಕಡೆ ಹೊಲಿದು ಒಳಗಿನದನ್ನು ಹೊರಗೆ ತಿರುಗಿಸಿದರೆ ಗೊಂಬೆಗೆ ತಲೆ, ಎರಡು ಕೈ. ಕಣ್ಣಿಗೆ ಗುಂಡಿ, ಕೂದಲಿಗೆ ಉಣ್ಣೆ. "ಮನೇಲಿರೋ ದೊಡ್ಡವರು ನಾಲ್ಕು ಜನ, ನಾಲ್ಕು ಗೊಂಬೆ. ಯಾರ ಗೊಂಬೆಯೋ ಅವರದೇ ಹಳೇ ಬಟ್ಟೆ. ರಜೆ ಮುಗಿಯೋ ಮೊದಲು ಆಟ ತೋರಿಸಬೇಕು" ಅಂದಳು. ಆಮೇಲೆ, ಈ ಮಕ್ಕಳು ಗೊಂಬೆಗಳಿಂದ ರಾಕ್ಷಸರ ಕಥೆ ಆಡಿಸಿ ಕಿರುಚಾಡುತ್ತಾರೆಂದು ಹೆದರಿ ಒಂದು ಷರತ್ತೂ ಹಾಕಿದಳು. "ಗೊಂಬೆ ತನ್ನಿಷ್ಟಕ್ಕೆ ಮಾತಾಡೋ ಹಾಗಿಲ್ಲ. ಆ ಮನುಷ್ಯರು ದಿನಾ ಏನು ಹೇಳ್ತಾರೋ ಅದನ್ನೇ ಹೇಳಬೇಕು. ಹೊಸದಾಗಿ ಒಂದು ಮಾತೂ ಕಟ್ಟಬಾರದು."

ಬಟಾಣಿ ಕಣ್ಣರಳಿಸಿ ಕೇಳಿದಳು. "ನಿಜವಾಗಿ ಹೇಳೋದನ್ನೇನಾ?"

"ನಿಜವಾಗಿ ಹೇಳೋದನ್ನೇ."

ಹೆತ್ತ ತಾಯಿ ತನ್ನ ಕೈಯಾರೆ ತೋಡಿದ ಹಳ್ಳ ಅದು, ಪಾಪ, ಆಗ ಅವಳಿಗೇನು ಗೊತ್ತು. ಮನೆ ನಿಶ್ಶಬ್ದವಾಯಿತೆಂದು ಖುಷಿಪಟ್ಟಳು. ಮಕ್ಕಳ ಹೊಲಿಗೆ ಗಾಬರಿಬಿದ್ದ ಇರುವೆ ಸಾಲಿನ ಹಾಗೆ ಎತ್ತೆತ್ತಲೋ ಓಡುತ್ತಿತ್ತು. ಸಂಜೆ ಅಜ್ಜನ ಜೊತೆ ವಾಕಿಂಗಿಗೆ ಹೊರಡುವಾಗಲೂ ಬಟಾಣಿ ಸೂಜಿದಾರದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿದ್ದಳು. ಮಗಳಿಗೆ ತನ್ನ ಕಸುಬು ಹಿಡಿಸಿತೆಂದು ತಾಯಿಗೆ ಹೆಮ್ಮೆಯೋ ಹೆಮ್ಮೆ.

ಆಟದ ಸಂಜೆ ಬಂತು. ಊಟದ ಮೇಜಿನ ಮುಂದೆ ಹಾಸಿಗೆಯ ಹೊದಿಕೆ ಇಳಿಬಿಟ್ಟು ಮಕ್ಕಳು ಅದರ ಹಿಂದೆ ಬಗ್ಗಿ ಕೂತರು. ಎದುರಿಗೆ ಕುರ್ಚಿಗಳಲ್ಲಿ ಮಾವ, ಅತ್ತೆ, ಗಂಡ, ಪಕ್ಕದಲ್ಲಿ ಟೇಲರಮ್ಮ. ಮಾವ ಗಡಿಯಾರದ ಅಂಗಡಿ ಇಟ್ಟಿದ್ದವರು, ಈಗ ವ್ಯಾಪಾರ ಬಿಟ್ಟು ಮನೆಯವರನ್ನೆಲ್ಲ ಕೀಲಿ ಕೊಟ್ಟು ನಡೆಸುತ್ತಿದ್ದರು. ಅತ್ತೆಗೆ ಮೊಣಕಾಲು ನೋವು, ವಾರಕ್ಕೆರಡು ಸಲ ಶಾಖ ಕೊಡಿಸಿಕೊಳ್ಳಲು ಕ್ಲಿನಿಕ್ಕಿಗೆ ಹೋಗುವವರು, ಆಸರೆಗೆ ಬಟಾಣಿಯ ಭುಜ. ಗಂಡ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಭಾನುವಾರ ಬಂದರೆ ಬಟಾಣಿಯನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟರ್ ಸರ್ವೀಸಿಗೆ ಹೋಗುತ್ತಿದ್ದ. ಪ್ರತಿ ಭಾನುವಾರ ಸರ್ವೀಸಾದರೂ ಆ ಸ್ಕೂಟರ್ ಮುದುಕನ ಹಾಗೆ ಕೆಮ್ಮುವುದು ಯಾಕೆ ಅಂತ ಟೇಲರಮ್ಮ ಒಂದು ದಿನವೂ ಯೋಚಿಸಿರಲಿಲ್ಲ.

ಮೊದಲು ಅಜ್ಜನ ಗೊಂಬೆ ಎದ್ದಿತು. "ಲೈಟ್ ಆರಿಸ್ರೋ! ಕರೆಂಟೇನು ನಿಮ್ಮಪ್ಪನ ಮನೇದಾ?" ಎಲ್ಲರೂ ನಕ್ಕರು, ಮಾವನೂ ಮೀಸೆಯಡಿ ನಕ್ಕರು. ಅಜ್ಜಿಯ ಗೊಂಬೆ, "ಅಯ್ಯಪ್ಪಾ, ಈ ಮೊಣಕಾಲು ನನ್ನ ತಿಂದುಹಾಕ್ತು" ಅಂದಿತು. ಅಪ್ಪನ ಗೊಂಬೆ, "ಐದೇ ನಿಮಿಷ, ಬಂದೆ" ಅಂದು ಮರೆಯಾಯಿತು, ಬರಲೇ ಇಲ್ಲ. ನಗು ಇನ್ನೂ ಜೋರಾಯಿತು. ಕೊನೆಗೆ ಅಮ್ಮನ ಗೊಂಬೆ, ಅವಳದೇ ಹಸಿರು ಸೀರೆಯ ತುಂಡು, ಕುತ್ತಿಗೆಗೆ ಅಳತೆ ಟೇಪು.

"ಆ ಸ್ಟೂಲ್ ಮುಟ್ಟಬೇಡಿ. ಅಲ್ಲೇ ಇರಲಿ."

ದೊಡ್ಡವನು ಪರದೆಯ ಹಿಂದೆ ಕಿಸಕ್ಕೆಂದ. ಕುರ್ಚಿಗಳಲ್ಲಿದ್ದವರು ನಗಲಿಲ್ಲ. ಟೇಲರಮ್ಮ ಮಾತ್ರ ಮಕ್ಕಳ ಮನಸ್ಸು ನೋಯಬಾರದೆಂದು ನಕ್ಕು ಚಪ್ಪಾಳೆ ತಟ್ಟಿದಳು.

"ಇನ್ನೊಂದಿದೆ" ಅಂದಳು ಬಟಾಣಿ.

"ಇನ್ನೊಂದಾ? ನಾಲ್ಕೇ ಅಲ್ವೇನೇ?" ಅಂತ ದೊಡ್ಡವನೂ ಪಿಸುಗುಟ್ಟಿದ. ಅಷ್ಟರಲ್ಲಿ ಪರದೆಯ ಮೇಲೆ ಐದನೆಯ ಗೊಂಬೆ ತಲೆ ಎತ್ತಿತ್ತು.

ಹಳದಿ ಬಟ್ಟೆ, ಮೇಲೆ ಸಣ್ಣ ಬಿಳಿ ಹೂ. ಟೇಲರಮ್ಮ ಮುಂದಕ್ಕೆ ಬಗ್ಗಿ ನೋಡಿದಳು. ಆ ಬಟ್ಟೆಯನ್ನು ತಾನೇ ಆರಿಸಿ ತಂದು, ತಾನೇ ಕತ್ತರಿಸಿ, ನಾದಿನಿಗೆ ಹೊಲಿದುಕೊಟ್ಟಿದ್ದಳು. ಮನೆ ಬಿಟ್ಟ ಬೆಳಿಗ್ಗೆ ಅದನ್ನೇ ತೊಟ್ಟು ಹೋಗಿದ್ದಳು ಅವಳು. ಗೊಂಬೆಯ ಅಂಚಿನ ಹೊಲಿಗೆ ಎಳ್ಳು ಬಿತ್ತಿದಷ್ಟು ಸಣ್ಣಗೆ, ಒಂದೇ ಸಾಲಾಗಿ ಹೋಗಿತ್ತು. ಅದು ಬಟಾಣಿಯ ಕೈ ಅಲ್ಲವೇ ಅಲ್ಲ. ಮಾವ ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತರು.

ಗೊಂಬೆ ಮಾತಾಡಿತು. "ಬನ್ನಿ ಅಪ್ಪಾ, ಚಪ್ಪಲಿ ಒಳಗೇ ಬಿಡಿ, ಯಾರಾದರೂ ನೋಡ್ತಾರೆ."

ಅಜ್ಜನ ಗೊಂಬೆ ಪಕ್ಕದಲ್ಲಿ ಎದ್ದಿತು. "ಅಳಿಯಂದ್ರೇ, ಕೇರಂ ಬೋರ್ಡ್ ತನ್ನಿ. ಇವತ್ತು ಕೆಂಪು ಕಾಯಿ ನಂದೇ!"

ಅತ್ತೆ ಮೊಣಕಾಲು ಮರೆತು ಸರಕ್ಕನೆ ಗಂಡನ ಕಡೆ ತಿರುಗಿದರು. "ಏನ್ರೀ ಇದು? ಹೊಸ್ತಿಲು ತುಳೀಬಾರದು ಅಂದೋರು..."

ಬಾಯಿಂದ ಮಾತು ಪೂರ್ತಿ ಬರುವ ಮೊದಲೇ ಅಜ್ಜಿಯ ಗೊಂಬೆ ಎದ್ದಿತು. "ಮಗಳೇ, ಕ್ಲಿನಿಕ್ಕಿಗೆ ಅಂತ ಹೇಳಿ ಬಂದಿದ್ದೀನಿ. ನಿಮ್ಮಪ್ಪನಿಗೆ ಗೊತ್ತಾದರೆ ನನ್ನ ಗತಿ ಮುಗೀತು."

ಆಮೇಲೆ ಅಪ್ಪನ ಗೊಂಬೆ. "ತಂಗೀ, ಸ್ಕೂಟರ್ ಸರ್ವೀಸು ಅಂದಿದ್ದೀನಿ, ಐದೇ ನಿಮಿಷ. ಅಪ್ಪ ಅಮ್ಮನಿಗೆ ಗೊತ್ತಾಗಬಾರದು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಹೊಲದ ಒಡೆಯರೂ ಸರದಿಯಲ್ಲಿ ಮೇಯ್ದಿದ್ದರು. ಒಬ್ಬೊಬ್ಬರೂ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ತಾವೊಬ್ಬರೇ ಅಂದುಕೊಂಡಿದ್ದರು. ಎಲ್ಲರ ಜೊತೆಗೂ ಅದೇ ಬಟಾಣಿ, ಎಲ್ಲರೂ ಅವಳಿಂದ ಅದೇ ಆಣೆ ಮಾಡಿಸಿಕೊಂಡಿದ್ದರು, ಯಾರಿಗೂ ಹೇಳಬಾರದು ಅಂತ.

"ಏಯ್, ಹೇಳಲ್ಲ ಅಂದಿದ್ದೆ ನೀನು!" ಅಂದ ಗಂಡ, ತಾನೇನು ಒಪ್ಪಿಕೊಂಡೆ ಅನ್ನುವುದೂ ಹೊಳೆಯದೆ.

ಪರದೆಯ ಹಿಂದಿನಿಂದ ಸಣ್ಣ ದನಿ ಬಂತು. "ನಾನು ಹೇಳಿಲ್ಲ ಅಪ್ಪಾ. ಗೊಂಬೆ ಹೇಳ್ತಿದೆ."

ಟೇಲರಮ್ಮನಿಗೆ ಇವರ್ಯಾರ ಮುಖವೂ ಕಾಣಿಸುತ್ತಿರಲಿಲ್ಲ. ಕಿವಿಯೊಳಗೆ ಮೆಷಿನ್ ಖಾಲಿ ಓಡಿದ ಹಾಗೆ ಗುಂಯ್ ಅನ್ನುತ್ತಿತ್ತು. ಹಳದಿ ಗೊಂಬೆ ಈಗ ಒಂಟಿಯಾಗಿ ನಿಂತಿತ್ತು, ತಲೆ ತಗ್ಗಿಸಿಕೊಂಡು.

"ಎಲ್ಲರೂ ಬರ್ತಾರೆ. ಅತ್ತಿಗೆ ಒಬ್ಬರೇ ಬರಲ್ಲ. ಕೆಳಗೆ ದಾರದ ಅಂಗಡಿಗೆ ಬರ್ತಾರೆ, ಬಾಲ್ಕನಿಯಿಂದ ನೋಡ್ತೀನಿ. ಒಂದು ಸಲವೂ ತಲೆ ಎತ್ತಲ್ಲ. ನಾನು ಕೂಗಿದರೆ ಅವರಿಗೆ ಮನೇಲಿ ತೊಂದರೆ. ನಾನು ಅವರಿಗೆ ಬೇಡವಾದೆ ಅಂತ ಕಾಣುತ್ತೆ ಬಟಾಣಿ. ಅತ್ತಿಗೆ ನನ್ನ ಮರೆತರು."

ದಾರದ ಅಂಗಡಿ! ವಾರ ವಾರವೂ ಬಿಳಿ, ನೀಲಿ ದಾರದ ಉಂಡೆಗೆ ಅವಳು ಹೋಗುತ್ತಿದ್ದ ಅಂಗಡಿ. ಅದರ ಮೇಲಿನ ಮನೆಯಲ್ಲಿ ಇಷ್ಟು ದಿನ ಅವಳಿದ್ದಳು, ಇವಳ ಬೈತಲೆ ನೋಡುತ್ತಾ ನಿಂತಿದ್ದಳು. ಟೇಲರಮ್ಮ ಗಂಡನ ಕಡೆ ತಿರುಗಿದಳು.

"ಎಷ್ಟು ದಿನದಿಂದ?" ಅಂದಳು.

"ಊರಿಗೆ ವಾಪಸ್ ಬಂದು ಎರಡು ವರ್ಷ ಆಯ್ತು" ಅಂದ ಗಂಡ. ನೆಲ ನೋಡುತ್ತಿದ್ದ.

"ನನಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ ನಿಮಗೆ?"

"ನೀನು ಅಪ್ಪನ ಮಾತು ಮೀರೋಳಲ್ಲ. ನಿನ್ನ ಯಾಕೆ ಸಂಕಟಕ್ಕೆ ಹಾಕೋದು ಅಂತ..."

ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ನಾನೇನೋ ನಿನಗೆ ಅವಳ ಮೇಲೆ ಇನ್ನೂ ಸಿಟ್ಟು ಅಂದ್ಕೊಂಡೆ ಕಣಮ್ಮ. ಅವಳ ಹೆಸರೇ ಎತ್ತಲ್ವಲ್ಲ ನೀನು."

ಮಾವ ಯಾವಾಗ ಕೂತರೋ ಯಾರೂ ನೋಡಲಿಲ್ಲ. ಯಾರ ಕಡೆಗೂ ನೋಡದೆ ಹೇಳಿದರು. "ಈ ಮನೇಲಿ ನನ್ನ ಮಾತು ನಡೆಸಿದವಳು ನೀನೊಬ್ಬಳೇ. ನಿನ್ನೆದುರಿಗೆ ಮಾತು ತಪ್ಪಿದೆ ಅಂತ ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತಮ್ಮ."

ಎಂಟು ವರ್ಷದ ನಿಷ್ಠೆಗೆ ಸಿಕ್ಕ ಬಹುಮಾನ ಇದು! ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವಳು ಎಲ್ಲರಿಗಿಂತ ಚೆನ್ನಾಗಿ ಮಾತು ಕೇಳಿ, ಎಲ್ಲರಿಗಿಂತ ದೊಡ್ಡ ಕಲ್ಲುಹೃದಯದವಳು ಅನ್ನಿಸಿಕೊಂಡಿದ್ದಳು. ಟೇಲರಮ್ಮ ಎದ್ದು ನಿಂತಳು. ಬಟಾಣಿಯನ್ನು ಪರದೆಯ ಹಿಂದಿನಿಂದ ಎಳೆದುಕೊಂಡು ಬಾಗಿಲಲ್ಲಿ ಚಪ್ಪಲಿ ಮೆಟ್ಟಿದಳು.

"ಈಗ ಎಲ್ಲಿಗೆ?" ಅಂದರು ಮಾವ, ಹಳೆಯ ಅಭ್ಯಾಸ ಬಿಡದೆ.

"ದಾರ ತರೋಕೆ."

ಹೊಸ್ತಿಲು ದಾಟುವಾಗ ಅವಳು ಹಿಂತಿರುಗಿ ನೋಡಲಿಲ್ಲ.

ದಾರದ ಅಂಗಡಿಯ ಪಕ್ಕಕ್ಕೆ ಒಂದು ಕಿರಿದಾದ ಮೆಟ್ಟಿಲು. ಎಷ್ಟು ಸಲ ಬಂದಿದ್ದರೂ ಅದನ್ನು ಅವಳು ಕಂಡೇ ಇರಲಿಲ್ಲ. ಬಟಾಣಿ ಮನೆಯ ಮೆಟ್ಟಿಲು ಹತ್ತುವ ಹಾಗೆ ಕತ್ತಲಲ್ಲೂ ಸರಸರ ಹತ್ತಿದಳು. ಒಂದು ಕೈಯಲ್ಲಿ ಅಮ್ಮನ ಬೆರಳು, ಇನ್ನೊಂದು ಕೈಗೆ ತೊಟ್ಟಿದ್ದ ಹಸಿರು ಗೊಂಬೆ ಹಾಗೇ ಇತ್ತು. ಬಾಗಿಲು ಬಡಿದದ್ದೂ ಅವಳೇ.

ನಾದಿನಿ ಬಾಗಿಲು ತೆಗೆದಳು. ಕೈಯಲ್ಲಿ ಅರ್ಧ ಗುಂಡಿ ಹಾಕಿದ ಅಂಗಿ, ತುಟಿಯ ನಡುವೆ ದಾರ. ಬಟಾಣಿಯನ್ನು ನೋಡಿ ನಗಲು ಹೊರಟವಳು, ಹಿಂದೆ ನಿಂತವಳನ್ನು ಕಂಡು ಕಲ್ಲಾದಳು. ದಾರ ತುಟಿಯಿಂದ ಜಾರಿ ಬಿತ್ತು. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆಯಲ್ಲ, ಇವಳಿಗೂ ವಯಸ್ಸಾಯಿತಾ ಅಂತ ಟೇಲರಮ್ಮ ಬೆಚ್ಚಿಬಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಇಬ್ಬರೂ ಹೊಸ್ತಿಲಿನ ಆಚೆ ಒಬ್ಬರು, ಈಚೆ ಒಬ್ಬರು ಸುಮ್ಮನೆ ನಿಂತರು.

ಬಟಾಣಿಗೆ ಕಾದು ಕಾದು ಸಾಕಾಯಿತು. ಹಸಿರು ಗೊಂಬೆಯನ್ನು ಇಬ್ಬರ ನಡುವೆ ಎತ್ತಿ ಹಿಡಿದಳು.

"ಆ ಸ್ಟೂಲ್ ಮುಟ್ಟಬೇಡಿ. ಅಲ್ಲೇ ಇರಲಿ."

"ಯಾವ ಸ್ಟೂಲು?" ಅಂದಳು ನಾದಿನಿ, ದನಿಯೇ ಇಲ್ಲದೆ.

"ಅಮ್ಮನ ಮೆಷಿನ್ ಪಕ್ಕದ್ದು. ಯಾರೂ ಕೂರೋ ಹಾಗಿಲ್ಲ. ನಾನು ಹುಟ್ಟಿದಾಗಿಂದ ದಿನಾ ಹೇಳ್ತಾಳೆ. ನಾನು ಒಂದು ಮಾತೂ ಕಟ್ಟಿಲ್ಲ ಅತ್ತೆ, ಬೇಕಾದರೆ ಅಣ್ಣನ್ನ ಕೇಳಿ."

ನಾದಿನಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳುವುದೂ ಅವಳಿಗೆ ಹೊಳೆಯಲಿಲ್ಲ.

"ಅದರ ಕಾಲು ಇನ್ನೂ ಕುಂಟುತ್ತಾ ಅತ್ತಿಗೆ?"

"ಕುಂಟುತ್ತೆ" ಅಂದಳು ಟೇಲರಮ್ಮ. "ರಿಪೇರಿ ಮಾಡೋನನ್ನ ನೀನೇ ಕಟ್ಟಿಕೊಂಡು ಬಂದೆಯಲ್ಲೇ."