ಮೊದಲ ಲೋಟ ನೀರು

"ಮುಖ ಕಾಣ್ಬೇಕು ಕ್ವಾಬೆನಾ, ಇಲ್ಲಾಂದ್ರೆ ದಾನಿಗಳ ಮನಸ್ಸು ಕರಗಲ್ಲ" ಎಂದು ಹಟ ಹಿಡಿದವಳು ಗಗನಾಳೇ. ದೋಹಾದಲ್ಲಿ ಆಫ್ರಿಕಾದ ಕೂಲಿಯವರ ಸಣ್ಣಪುಟ್ಟ ಸೇವಾಸಂಘಗಳಿಗೆ ಸಲಹೆ ಕೊಡುವುದು ಈ ಮೈಸೂರಿನವಳ ಕೆಲಸ. ವಿಶ್ವಕಪ್ಪಿಗೆ ಸ್ಟೇಡಿಯಂ ಕಟ್ಟುತ್ತಿದ್ದ ಘಾನಾ ದೇಶದ ಕ್ವಾಬೆನಾ, ತನ್ನವರ ಕ್ಯಾಂಪಿನಲ್ಲಿ ಕುಡಿಯಲು ನೀರಿಲ್ಲವೆಂದು ಅವಳ ಕ್ಯಾಮೆರಾದ ಮುಂದೆ ಹೇಳಿಬಿಟ್ಟ. ಆ ವೀಡಿಯೊವನ್ನು ಅವನ ಕಂಪನಿಯವರೂ ನೋಡಿದರು. "ಖಲಾಸ್" ಎಂದು ಕೆಲಸದಿಂದ ತೆಗೆದು, ಘಾನಾಕ್ಕೆ ಮರಳುವ ವಿಮಾನದ ಟಿಕೆಟ್ಟನ್ನು ಅವನ ಕೈಗೆ ತುರುಕಿದರು.

ಸುದ್ದಿ ತಿಳಿದ ಗಗನಾ ಎದ್ದೆನೋ ಬಿದ್ದೆನೋ ಎಂದು ವಿಮಾನ ನಿಲ್ದಾಣಕ್ಕೆ ಓಡಿದಳು. ಕಂಡಕಂಡ ಅಧಿಕಾರಿಗಳ ಮುಂದೆ ಅಂಗಲಾಚಿದಳು. ಯಾರೂ ಕಿವಿಗೊಡಲಿಲ್ಲ. ಗಾಜಿನಾಚೆಯಿಂದ ಕ್ವಾಬೆನಾ ಒಮ್ಮೆ ತಿರುಗಿ ನೋಡಿ ಒಳಗೆ ಹೋದ.

ಅಷ್ಟರಲ್ಲಿ ಅವಳ ಮೊಬೈಲಿಗೆ ದಾನಿಗಳ ಸಂದೇಶ ಬಂತು: "ವೀಡಿಯೊ ನೋಡಿ ಕಣ್ಣು ತುಂಬಿತು. ನೀರಿನ ಯಂತ್ರ ಕಳಿಸುತ್ತಿದ್ದೇವೆ. ಮೊದಲ ಲೋಟ ಕ್ವಾಬೆನಾ ಕುಡಿಯಲಿ. ಮುಖ ಚೆನ್ನಾಗಿ ಕಾಣಬೇಕು."