ಮೂರು ಸಲದ ಉಪಚಾರ

ಮೇಬೊದ್ ಊರಿನ ಕುಂಬಾರಗಿತ್ತಿ ತೂಬಾ ತಟ್ಟೆ ಸುಡುತ್ತಿದ್ದ ಆವಿಗೆಯನ್ನು ಅವಳ ಅಣ್ಣ ಕೆಡವಿಸಿದ. ಹಿತ್ತಲು ಮಾರಿದ್ದಾಗಿತ್ತು, ಕೊಂಡವನು ಅಲ್ಲಿ ಕಾರು ನಿಲ್ಲಿಸಬೇಕೆಂದ, ಅಷ್ಟೆ. ಅಣ್ಣ ಕೆಟ್ಟವನಲ್ಲ. ಇಟ್ಟಿಗೆಗಳನ್ನು ಒಡೆಯದಂತೆ ಬಿಡಿಸಿ, ತಂಗಿಗೆ ಬೇಕಾದೀತೆಂದು ಗೋಡೆಗೆ ಒರಗಿಸಿ ಜೋಡಿಸಿಟ್ಟಿದ್ದ. ಬೇಕಾದರೂ ಅವಳೇನು ಮಾಡಿಯಾಳು? ಗಂಡ ಮಣ್ಣಿಗೆ ಹೋದ ಮೇಲೆ ಅಣ್ಣನ ಮನೆಯ ಹಿಂಬದಿಯ ಕೋಣೆಯೊಂದೇ ಅವಳಿಗೆ ಉಳಿದದ್ದು. ಬೆಂಕಿ ಕಾಣದ ತಟ್ಟೆ ಬರೀ ಮಣ್ಣು. ಮಳೆ ಬಂದರೆ ಕರಗಿಹೋಗುತ್ತದೆ, ಅದು ಮಳೆ ಬರುವ ಊರಾದರೆ.

ಅವಳ ತಟ್ಟೆಗಳ ನಡುವೆ ಸೂರ್ಯನ ಮುಖವಿರುತ್ತಿತ್ತು. ನಮ್ಮ ಕುಂಬಾರರ ಕೈಯಲ್ಲಿ ಸೂರ್ಯ ಯಾವತ್ತೂ ಹೆಂಗಸೇ: ಕೂಡುಹುಬ್ಬು, ಸಣ್ಣ ಬಾಯಿ, ಕೆನ್ನೆಗೊಂದು ಮಚ್ಚೆ. ಎಲ್ಲರೂ ಬರೆಯುತ್ತಾರೆ. ತೂಬಾ ಬರೆದ ಸೂರ್ಯನಿಗೆ ಮಾತ್ರ ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಸುಮ್ಮನಾದವಳ ಮುಖ.

ಕಾಶಾನ್‌ನ ಒಂದು ಕೆಲಸದ ಸುದ್ದಿ ತಂದವಳು ಗೆಳತಿ ಇಫ್ಫತ್. ಇಬ್ಬರೂ ಹುಡುಗಿಯರಾಗಿದ್ದಾಗ ಒಂದೇ ಮುದುಕಿಯ ಮುಂದೆ ಕೂತು ಕುಂಚ ಹಿಡಿಯಲು ಕಲಿತವರು, ಮೈ ಹೊದೆಯುವ ಒಂದೇ ಚಾದರ್‌ನೊಳಗೆ ತಲೆ ತೂರಿಸಿ ನಕ್ಕವರು. ಇಫ್ಫತ್ ಯಜ್ದ್‌ನ ಬಟ್ಟೆ ವ್ಯಾಪಾರಿಯನ್ನು ಮದುವೆಯಾಗಿ ಕುಂಚ ಬಿಟ್ಟಳು. ಆಮೇಲೆ ವ್ಯಾಪಾರಿ ಅವಳನ್ನು ಬಿಟ್ಟ. ಉಳಿದದ್ದು ಒಂದು ಕಾರು, ಮತ್ತೆ ಯಾವ ಬಾಗಿಲನ್ನಾದರೂ ತೆರೆಸುವ ನಾಲಿಗೆ.

"ಹಾಜಿ ರುಕ್ನುದ್ದೀನ್ ಅಂತ ಒಬ್ಬ ಮುದುಕರಂತೆ. ಹಳೇ ವರ್ತಕರ ಮನೇನ ಕಲೆಯ ಮನೆ ಮಾಡಿದಾರೆ. ಹೆಣ್ಣುಮಕ್ಕಳಿಗೆ ಮಣ್ಣಿನ ಕೆಲಸ ಕಲಿಸೋಕೆ ಒಬ್ಬಳು ಬೇಕಂತೆ. ಇರೋಕೆ ಕೋಣೆ, ಅಂಗಳದಲ್ಲಿ ಆವಿಗೆ. ಏಳೇ, ತಟ್ಟೆ ಕಟ್ಟು."

"ನನ್ನನ್ನ ಯಾರು ತಗೋತಾರೆ?"

"ನಿನ್ನ ಮುಖ ನೋಡಿ ಯಾರೂ ತಗೊಳಲ್ಲ. ತಟ್ಟೆ ನೋಡಿ ತಗೋತಾರೆ. ದಾರೀಲಿ ನಾಯಿನ್, ಅರ್ದೆಸ್ತಾನ್, ಎಲ್ಲಾ ಕಡೆ ತೋರಿಸ್ಕೊಂಡು ಹೋಗೋಣ. ಮದುಮಗಳನ್ನ ಮೆರೆಸಿದ ಹಾಗೆ."

ತೂಬಾ ತಟ್ಟೆಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿದಳು. ಬಿಸ್ಮಿಲ್ಲಾ ಎಂದು ಕಾರು ಹತ್ತಿದಳು.

ನಾಯಿನ್‌ನಲ್ಲಿ ಒಂಟೆಯುಣ್ಣೆಯ ನಿಲುವಂಗಿ ನೇಯುವ ನೆಲಮಾಳಿಗೆಗಳಿವೆ. ಅವುಗಳಲ್ಲೊಂದರ ಮೇಲೆ ಕಲಾಕೃತಿ ಮಾರುವ ಅಂಗಡಿ. ಅಂಗಡಿಯ ಹೆಂಗಸು ತಟ್ಟೆಯನ್ನು ಬೆಳಕಿಗೆ ಹಿಡಿದು, "ಯಾ ಅಲ್ಲಾ, ಯಾರ ಕೈಯಮ್ಮ ಇದು? ಈ ಕೈಗೆ ನೋವು ಬರದೇ ಇರ್ಲಿ!" ಅಂದಳು.

ನಮ್ಮವರು ಹೊಗಳಿಕೆಯನ್ನು ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಆಗಷ್ಟೇ ಒಲೆಯಿಂದ ತೆಗೆದ ರೊಟ್ಟಿಯ ಹಾಗೆ ಪಕ್ಕದವರ ಕೈಗೆ ದಾಟಿಸುತ್ತೇವೆ. ಅವರು ಇನ್ನೊಂದು ಒಳ್ಳೆಯ ಮಾತು ಸೇರಿಸಿ ಮರಳಿ ಕೊಡುತ್ತಾರೆ. ಹೀಗೆ ಮೂರು ಸಲ ಕೈ ಬದಲಾಯಿಸಿದ ಮೇಲೆ ಅದು ಸೇರಬೇಕಾದವರಿಗೇ ಸೇರುತ್ತದೆ. ಈ ಉಪಚಾರವನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮಗುವಿಗೆ ಹಲ್ಲು ಬರುವ ಮೊದಲೇ ಇದು ಬಂದಿರುತ್ತದೆ.

"ನನ್ನ ಕೈಯಲ್ಲೇನಿದೆ ಅಮ್ಮ, ನಾನು ಮಣ್ಣು ತುಳಿಯೋಳು," ಎಂದಳು ತೂಬಾ. "ಎಲ್ಲಾ ಇವಳ ಕಣ್ಣಿನ ಗುಣ. ಇಫ್ಫತ್ ಇಲ್ದಿದ್ರೆ ನನ್ನ ಸೂರ್ಯಂಗೆ ಮೂಗೇ ಇರ್ತಿರಲಿಲ್ಲ."

ಈಗ ಇಫ್ಫತ್, 'ಅಯ್ಯೋ ದೇವರೇ, ನಾನು ಬರೀ ಕಾರು ಓಡಿಸೋಳು' ಎನ್ನಬೇಕು. ತೂಬಾ ಆ ಮಾತಿಗಾಗಿ ತುಟಿಯಂಚಿನಲ್ಲಿ ನಗುತ್ತ ಕಾದಳು. ಇಫ್ಫತ್ ಎದೆಯ ಮೇಲೆ ಕೈಯಿಟ್ಟು, ತಲೆ ಬಗ್ಗಿಸಿ, "ನಿಮ್ಮ ಕಣ್ಣು ಚೆಂದ ಇದೆ, ಅದಕ್ಕೇ ಚೆಂದ ಕಾಣ್ಸುತ್ತೆ," ಅಂದಳು.

ಅಂಗಡಿಯವಳು ಇಫ್ಫತ್‌ಳ ಕಡೆಗೇ ತಿರುಗಿ ಕೂತಳು. ಆ ನೀಲಿ ಹೇಗೆ ಬರುತ್ತದೆ, ಹುಬ್ಬನ್ನು ಮೊದಲು ಬರೆಯುವಿರೋ ಕಣ್ಣನ್ನೋ, ಎಲ್ಲವನ್ನೂ ಕೇಳಿದಳು. ಇಫ್ಫತ್ ಸರಾಗವಾಗಿ ಹೇಳಿದಳು. ಆ ಮುದುಕಿ ಹೇಳಿಕೊಟ್ಟದ್ದು ನಾಲಿಗೆಯಲ್ಲಿ ಹಾಗೇ ಇತ್ತು. ತೂಬಾಳ ಕೈಗೆ ಚಹಾದ ಲೋಟ ಬಂತು.

ಕಾರಿನಲ್ಲಿ ತೂಬಾ ನಕ್ಕಳು. "ಏನೇ, ರೊಟ್ಟಿ ನುಂಗೇಬಿಟ್ಟೆಯಲ್ಲ!"

"ನೀನು ಕೊಟ್ಟೆ, ನಾನು ತಿಂದೆ. ಹಸಿವಾಗಿತ್ತು."

"ಬೇಡ ಬೇಡ ಅನ್ಬೇಕಿತ್ತು ಕಣೇ, ಹೊಟ್ಟೆಬಾಕಿ!"

"ಬೇಡ ಅಂದಿದ್ರೆ ನೀನು ಸುಳ್ಳಿ ಅಂತ ಅವಳ ಮುಂದೆ ಒಪ್ಪಿದ ಹಾಗಾಗ್ತಿರಲಿಲ್ವಾ? ನಿನ್ನ ಮಾನ ಉಳಿಸಿದೀನಿ, ಋಣ ಇಟ್ಕೋ."

ಇಬ್ಬರೂ ನಕ್ಕರು. ರಸ್ತೆಯ ಎರಡು ಬದಿಗೂ ಉಪ್ಪುಹಾಸಿದ ನೆಲ ಬಿಸಿಲಿಗೆ ಬೆಳ್ಳಗೆ ಉರಿಯುತ್ತಿತ್ತು. ನಗು ಮುಗಿದ ಮೇಲೂ ಇಫ್ಫತ್‌ಳ ಕೆನ್ನೆಯಲ್ಲಿ ಒಂದು ಕೆಂಪು ಉಳಿದದ್ದನ್ನು ತೂಬಾ ಕಂಡಳು. ಎಷ್ಟು ವರ್ಷವಾಯಿತೋ ಇವಳನ್ನು ಯಾರಾದರೂ ಹೊಗಳಿ, ಪಾಪ, ಅಂದುಕೊಂಡಳು.

ಅರ್ದೆಸ್ತಾನ್‌ನಲ್ಲಿ ಪ್ರಯಾಣಿಕರ ಹಳೆಯ ಛತ್ರವೊಂದನ್ನು ಚಿತ್ರಗಾರರ ಬಿಡಾರ ಮಾಡಿದ್ದರು. ಒಡೆಯ ದಾಳಿಂಬೆ ಬಿಡಿಸಿ ಮುಂದಿಟ್ಟು, ತಟ್ಟೆಗಳನ್ನು ನೋಡಿ, ತೂಬಾಳನ್ನೇ ನೇರ ಕೇಳಿದ. "ಇದು ನಿಮ್ಮದಾ, ತಾಯಿ?"

ಹೂಂ, ನನ್ನದೇ. ಎರಡೇ ಮಾತು. ದಾರಿಯುದ್ದಕ್ಕೂ ಅವಳು ಆ ಎರಡು ಮಾತನ್ನು ಬಾಯಲ್ಲಿ ಹೊರಳಿಸಿಕೊಂಡೇ ಬಂದಿದ್ದಳು. ಆದರೆ ಹುಟ್ಟಿದಂದಿನಿಂದ ಬಗ್ಗಿದ ಕತ್ತು ಒಂದು ಮಧ್ಯಾಹ್ನಕ್ಕೆ ಎದ್ದೀತೆ? "ನಿಮ್ಮದೇ ಅಂದ್ಕೊಳಿ," ಎಂದಳು. ಅದೂ ಉಪಚಾರವೇ.

ಇಫ್ಫತ್ ದಾಳಿಂಬೆಯ ಬೀಜ ಅಗಿಯುತ್ತ ಹೇಳಿದಳು. "ಮುಖ ನಾನು ಬರೀತೀನಿ. ಬಣ್ಣ ತುಂಬೋದು ಇವಳು. ಇವಳ ಹಾಗೆ ತಾಳ್ಮೆಯಿಂದ ಬಣ್ಣ ತುಂಬೋರು ಯಾರೂ ಇಲ್ಲ."

ಕೊಟ್ಟದ್ದನ್ನು ನುಂಗುವುದು ಬೇರೆ, ಕೊಡದ್ದನ್ನು ಕೀಳುವುದು ಬೇರೆ. ಅತಿಥಿಯಾಗಿ ಹೋದ ಮನೆಯಲ್ಲಿ ಜೊತೆಗೆ ಬಂದವಳ ಮಾತನ್ನು ಸುಳ್ಳು ಮಾಡುವುದೆಂದರೆ ಆ ಮನೆಯ ಊಟದ ಹಾಸಿನ ಮೇಲೆ ಕೆಸರುಗಾಲು ಇಟ್ಟ ಹಾಗೆ. ತೂಬಾ ನೀರು ಕುಡಿದಳು.

ಆ ರಾತ್ರಿ ಛತ್ರದಲ್ಲೇ ತಂಗಿದರು, ಬೆನ್ನಿಗೆ ಬೆನ್ನು ತಿರುಗಿಸಿ. ಬೆಳಗ್ಗೆ ಕಾರು ಊರು ದಾಟಿದ ಮೇಲೆ ತೂಬಾ ಬಾಯಿಬಿಟ್ಟಳು.

"ಯಾಕೆ ಹಾಗಂದೆ?"

"ಕೇಳು. ಕಾಶಾನ್‌ನಲ್ಲಿ ದೊಡ್ಡವರು ಬರೋ ಮನೆ. ಮಾತಾಡೋಳು ಬೇಕು. ಅಲ್ಲಿ ನೀನು 'ನಾನು ಮಣ್ಣು ತುಳಿಯೋಳು' ಅಂತ ನಿಂತ್ರೆ ತುಳಿಯೋಕೇ ಇಟ್ಕೋತಾರೆ. ನಾನು ಒಳಗೆ ಹೋಗ್ತೀನಿ, ನಿನ್ನನ್ನ ಎಳ್ಕೋತೀನಿ. ಹಗಲು ನಾನು ಕಲಿಸ್ತೀನಿ, ನೀನು ಹಿಂದುಗಡೆ ಕೂತು ಬರಿ. ಆವಿಗೆ ಬೇಕು ತಾನೆ ನಿಂಗೆ?"

"ಹೆಸರು?"

"ಹೆಸರು ಉಪ್ಪು ಹಚ್ಕೊಂಡು ತಿಂತೀಯಾ? ನಿಂಗೆ ಆವಿಗೆ, ನಂಗೆ ಮಾತು. ದೇವರು ಹಾಗೇ ಹಂಚಿದಾನೆ. ಇರೋ ಒಂದು ಮುಖಾನೂ ತಟ್ಟೆ ಮೇಲೇ ಖರ್ಚು ಮಾಡ್ಕೊಂಡಿದೀಯ ನೀನು, ಜನರಿಗೆ ತೋರಿಸೋಕೆ ಏನೂ ಉಳಿದಿಲ್ಲ."

ತೂಬಾ ಜಪಮಾಲೆ ತೆಗೆದು ಮಣಿ ಎಣಿಸತೊಡಗಿದಳು. ತುಟಿ ದೇವರ ಹೆಸರು ಹೇಳುತ್ತಿತ್ತು. ಒಳಗೆ ಬೇರೆ ಏನೋ ಬೇಯುತ್ತಿತ್ತು.

ಹಾಜಿ ರುಕ್ನುದ್ದೀನರ ಮನೆಯ ಅಂಗಳದ ನಡುವೆ ಕೊಳ, ಕೊಳದಾಚೆ ಹೊಸ ಆವಿಗೆ. ಇನ್ನೂ ಮಸಿ ಹಿಡಿಯದ ಇಟ್ಟಿಗೆ. ತೂಬಾ ಅದರ ಬಾಯಿಯ ಮೇಲೊಮ್ಮೆ ಅಂಗೈಯಿಟ್ಟು ಸವರಿ ಒಳಗೆ ಬಂದಳು. ಪಡಸಾಲೆಯಲ್ಲಿ ಕಲಿಯುವ ಹುಡುಗಿಯರು ಗೋಡೆಗೆ ಒರಗಿ ಕೂತಿದ್ದರು. ಹಾಜಿಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಕಣ್ಣು ತೇವವಾಯಿತು.

"ಈ ಬಾಯಿ... ಏನೋ ಹೇಳೋಕೆ ಬಂದಿದಾಳೆ, ಹೇಳ್ತಾ ಇಲ್ಲ. ಬರೆದೋರು ಯಾರು?"

"ನಿಮ್ಮ ಸೇವಕಿ, ನಾನೇ," ಎಂದಳು ಇಫ್ಫತ್.

"ದೇವರು ಕೈ ತುಂಬಾ ಕೊಡ್ಲಿ. ಇಲ್ಲಿ ಹಸಿ ತಟ್ಟೆ ಇದೆ, ಕುಂಚ ಇದೆ. ಈ ಮಕ್ಕಳು ನೋಡ್ಲಿ, ಒಂದು ಮುಖ ಬರೀರಿ. ಮನೆ ನಿಮ್ದೇ."

ಇಫ್ಫತ್‌ಳ ಮುಖದ ಕಳೆ ಇಳಿಯಿತು. ಆದರೆ ನಾಲಿಗೆ ಇಳಿಯಲಿಲ್ಲ. "ಕಾರು ಓಡಿಸಿ ಕೈ ನಡುಗ್ತಿದೆ ಹಾಜಿಯವರೇ. ತೂಬಾ, ನನ್ನ ಜೀವ, ನೀನು ಬರಿಯೇ. ನಿಂಗೂ ಬರುತ್ತಲ್ಲ." ಕುಂಚವನ್ನು ಗೆಳತಿಯ ಕಡೆ ಚಾಚಿದಳು.

ತೂಬಾಳ ಎದುರಿಗೆ ಆವಿಗೆಯೇ ಬಂದು ನಿಂತಿತ್ತು. ಕುಂಚ ಹಿಡಿದರೆ ಸಾಕು, ಉಳಿದದ್ದನ್ನು ತಟ್ಟೆಯೇ ಹೇಳುತ್ತಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಿಂತ ಚೆನ್ನಾಗಿ ಇನ್ನೊಂದು ಗೊತ್ತಾಯಿತು: ಹಿಡಿಯದಿದ್ದರೆ ಇಫ್ಫತ್ ತಾನೇ ಬರೆಯಬೇಕಾದೀತು. ಅವಳು ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದಳು.

"ನೀನಿರೋವಾಗ ನಾನಾ? ದೇವರು ಮೆಚ್ಚಲ್ಲ."

"ಬರಿಯೇ, ನಂಗೋಸ್ಕರ."

"ಗುರುವಿನ ಮುಂದೆ ಶಿಷ್ಯೆ ಕುಂಚ ಎತ್ತೋದುಂಟಾ?"

ಇಫ್ಫತ್ ಮಂಡಿ ಸರಿಸಿ ಹತ್ತಿರ ಬಂದಳು. ಚಾದರ್‌ನ ಮರೆಯಲ್ಲಿ ಅವಳ ಕೈ ತೂಬಾಳ ಮುಂಗೈಯನ್ನು ಹಿಡಿಯಿತು. ತಣ್ಣಗಿತ್ತು. ಅದು ಇಫ್ಫತ್ ಹುಡುಗಿಯಾಗಿದ್ದಾಗ, ಬಣ್ಣದ ಬಟ್ಟಲು ಒಡೆದು ಮುದುಕಿಯ ಬೆತ್ತಕ್ಕೆ ಹೆದರಿ ಹಿಡಿದಿದ್ದ ಕೈಯೇ. ಆವತ್ತು ತೂಬಾ, "ನಾನು ಒಡೆದೆ," ಅಂದಿದ್ದಳು. ಈಗ ಇಫ್ಫತ್ ಪಿಸುಗುಟ್ಟಿದಳು. "ಸಾಕು ಕಣೇ. ದಮ್ಮಯ್ಯ."

ತೂಬಾ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ಜೇನು ಸುರಿಯುವ ದನಿಯಲ್ಲಿ ಹೇಳಿದಳು. "ಈ ಮಕ್ಕಳ ಭಾಗ್ಯ ಕಿತ್ಕೋಬೇಡ ಇಫ್ಫತ್. ನಿನ್ನ ಕೈ ನೋಡ್ಲಿ."

ಮೂರು ಸಲ ಆಯಿತು. ಮತ್ತೆ ಒತ್ತಾಯಿಸುವಂತಿಲ್ಲ. ಆತಿಥೇಯರಾದ ಹಾಜಿಯವರೂ ರೂಢಿಗೆ ಕಟ್ಟುಬಿದ್ದು, "ಬರೀರಿ ತಾಯಿ, ನಮ್ಮ ಕಣ್ಣಿಗೆ ಬೆಳಕಾಗ್ಲಿ," ಎಂದರು.

ಇಫ್ಫತ್ ಬರೆದಳು. ಹುಬ್ಬು ಕೂಡಲಿಲ್ಲ. ಒಂದು ಕಣ್ಣು ದೊಡ್ಡದಾಯಿತು, ಅದನ್ನು ಸರಿಮಾಡಲು ಹೋಗಿ ಇನ್ನೊಂದು ಅದಕ್ಕಿಂತ ದೊಡ್ಡದಾಯಿತು. ಬಾಯಿಯ ಹತ್ತಿರ ಬಂದಾಗ ಬಣ್ಣ ಒಡೆದು ಗದ್ದದ ಮೇಲೆ ಹರಿಯಿತು. ಅವಳು ಬೆರಳಿನಿಂದ ಒರೆಸಿದಳು. ಮುಖವೇ ಕದಡಿಹೋಯಿತು. ಹುಡುಗಿಯೊಬ್ಬಳು ನಗು ತಡೆಯಲು ಬಾಯಿಗೆ ಬಟ್ಟೆ ತುರುಕಿಕೊಂಡಳು. ಉಳಿದವರು ಮರ್ಯಾದೆಗಾಗಿ ಕೊಳದ ಕಡೆ ನೋಡಿದರು. ಕುಂಚದ ತುದಿ ಹಸಿಮಣ್ಣನ್ನು ಕೆರೆಯುವ ಸದ್ದು ಮಾತ್ರ ಕೇಳುತ್ತಿತ್ತು. ಇಫ್ಫತ್ ನಿಲ್ಲಿಸಲಾರದೆ ಬರೆಯುತ್ತಲೇ ಇದ್ದಳು. ತೂಬಾ ಮಾತ್ರ ಕಣ್ಣು ತೆಗೆಯದೆ ನೋಡಿದಳು. ಬಾಯಾರಿದವಳು ನೀರು ಕುಡಿದ ಹಾಗೆ ನೋಡಿದಳು.

ಕೊನೆಗೆ ಹಾಜಿಯವರು ಬಾಗಿ ಇಫ್ಫತ್‌ಳ ಕೈಯಿಂದ ಕುಂಚ ತೆಗೆದುಕೊಂಡರು. "ಕೈಗೆ ನೋವು ಬರದೇ ಇರ್ಲಿ. ನಮ್ಮ ಬಡ ಮನೆ ಇಂಥ ಕೈಗೆ ಯೋಗ್ಯವಲ್ಲ." ಹಾಗೆಂದರೆ ಏನರ್ಥವೆಂದು ಅಲ್ಲಿದ್ದ ಎಳೆಯ ಹುಡುಗಿಗೂ ಗೊತ್ತು.

ಆಗ ತೂಬಾ ಹುಟ್ಟಿದ ಮೇಲೆ ಮೊದಲ ಸಲ ಕತ್ತೆತ್ತಿದಳು. "ಹಾಜಿಯವರೇ, ಆ ತಟ್ಟೆಗಳು ನನ್ನವು. ನಾನೇ ಬರೆದದ್ದು. ಕುಂಚ ಕೊಡಿ."

ಹಾಜಿಯವರು ಅವಳನ್ನು ನೋಡಿದರು. ಅವರ ದನಿಯಿಂದ ಉಪಚಾರವೆಲ್ಲ ಇಳಿದಿತ್ತು.

"ಗೊತ್ತು ತಾಯಿ. ಕುಂಚ ಎರಡನೇ ಸಲ ನಿಮ್ಮ ಮುಂದೆ ಬಂದಾಗ್ಲೇ ನಂಗೆ ಗೊತ್ತಾಯ್ತು. ಮೂರನೇ ಸಲ ಹಿಡೀತೀರಿ ಅಂತ ಕಾದೆ. ಅವಳು ಸುಳ್ಳು ಹೇಳಿದ್ಲು, ಅದು ಅವಳಿಗೂ ದೇವರಿಗೂ ಬಿಟ್ಟದ್ದು. ನೀವು ನನ್ನ ಮನೆಗೆ ಬಂದ ಅತಿಥಿಯ ಮಾನಾನ ನನ್ನ ಕೈಲೇ ಸುಲಿಸಿದ್ರಿ, ಈ ಮಕ್ಕಳ ಮುಂದೆ. ನಾಳೆ ಒಂದು ಹುಡುಗಿ ತಪ್ಪು ಗೆರೆ ಎಳೆದ್ರೆ ಅವಳನ್ನ ನಿಮ್ಮ ಮುಂದೆ ಹೇಗೆ ಕೂರಿಸ್ಲಿ?"

"ಆವಿಗೆ..." ಎಂದಳು ತೂಬಾ.

"ಹೋಗಿ ಬನ್ನಿ. ದಾರಿ ಸುಖವಾಗಿರ್ಲಿ." ಅವರು ಎದ್ದು ಬಾಗಿಲವರೆಗೆ ಬಂದು ಇಬ್ಬರನ್ನೂ ಕಳಿಸಿಕೊಟ್ಟರು.

ಕಾರಿನಲ್ಲಿ ಇಫ್ಫತ್ ಅಳಲಿಲ್ಲ, ಬೈಯಲಿಲ್ಲ. ತೂಬಾ ಬೈಗುಳಕ್ಕೆ ಸಿದ್ಧವಾಗಿ ಕೂತಿದ್ದಳು. ಬೈದಿದ್ದರೆ ತಾನೂ ಮರಳಿ ಬೈಯಬಹುದಿತ್ತು, ಬೈದಾಡಿ ಅಳಬಹುದಿತ್ತು, ಅತ್ತು ಮುಗಿಸಬಹುದಿತ್ತು. ಇಫ್ಫತ್ ಕಾರಿನ ಗೇರ್ ಬದಲಿಸಿದಳು.

ನತಂಜ್‌ನ ತಿರುವಿನ ಹತ್ತಿರ ಮಧ್ಯಾಹ್ನದ ಬಾಂಗು ಕೇಳಿತು. ಇಫ್ಫತ್ ರಸ್ತೆಬದಿಯ ಮಸೀದಿಯ ಮುಂದೆ ಕಾರು ನಿಲ್ಲಿಸಿದಳು. ಹೆಂಗಸರ ಸಾಲಿನಲ್ಲಿ ಬಸ್ಸಿನಿಂದ ಇಳಿದ ಅಪರಿಚಿತ ಮುದುಕಿಯೊಬ್ಬಳು ಇಫ್ಫತ್‌ಳ ಬಲಕ್ಕೆ ನಿಂತಳು, ತೂಬಾ ಎಡಕ್ಕೆ. ಹಣೆ ನೆಲಕ್ಕೆ ಮುಟ್ಟಿಸಿದಾಗ ತೂಬಾ ಕ್ಷಮೆ ಕೇಳಲು ಹೊರಟಳು. ಕಣ್ಣ ಮುಂದೆ ಬಂದದ್ದು ಮಸಿ ಹಿಡಿಯದ ಆ ಇಟ್ಟಿಗೆಗಳು.

ನಮಾಜು ಮುಗಿದ ಮೇಲೆ ಅಕ್ಕಪಕ್ಕದವರ ಕೈ ಹಿಡಿದು 'ದೇವರು ಸ್ವೀಕರಿಸಲಿ' ಎನ್ನುವುದು ವಾಡಿಕೆ. ಇಫ್ಫತ್ ಬಲಕ್ಕೆ ತಿರುಗಿ ಮುದುಕಿಯ ಕೈ ಹಿಡಿದು, "ದೇವರು ಸ್ವೀಕರಿಸಲಿ," ಅಂದಳು. ಆಮೇಲೆ ಎಡಕ್ಕೆ ತಿರುಗಿದಳು. ತೂಬಾ ಎರಡೂ ಕೈ ಚಾಚಿದಳು. ಇಫ್ಫತ್ ಆ ಕೈಯನ್ನೂ ಅಷ್ಟೇ ಮೆತ್ತಗೆ, ಅಷ್ಟೇ ಹೊತ್ತು ಹಿಡಿದಳು, ಮುದುಕಿಯನ್ನು ನೋಡಿದಷ್ಟೇ ಪ್ರಸನ್ನವಾಗಿ ಅವಳನ್ನೂ ನೋಡಿದಳು. "ದೇವರು ಸ್ವೀಕರಿಸಲಿ," ಎಂದು ಎದ್ದು ಚಪ್ಪಲಿ ಹುಡುಕತೊಡಗಿದಳು.

ಮೇಬೊದ್ ಇನ್ನೂ ಬಹಳ ದೂರವಿತ್ತು.